ಪೆನ್ಸಿಲ್ ಅಚ್ಚು

ಮಂಡ್ಯದ ಆರ್‌ಟಿಒ ಅಂಗಳ, ಹನ್ನೊಂದೂವರೆಯ ಬಿಸಿಲು.
ಸೆರಗು ಸೊಂಟಕ್ಕೆ ಸಿಕ್ಕಿಸಿ
ಮುಂಚಕ್ರದ ಸಂದಿಯಲ್ಲಿ ಅಂಗಾತ ಮಲಗಿದ್ದೇನೆ.
ಷಾಸಿಯ ಎಲುಬಿಗೆ ಬಿಳಿ ಕಾಗದ ಒತ್ತಿ
ಮಗಳ ದಪ್ಪ ಸೀಸದ ಪೆನ್ಸಿಲನ್ನು
ಅಡ್ಡಡ್ಡ ತೀಡಿದರೆ
ಕಪ್ಪಿನೊಳಗಿಂದ ಬೆಳ್ಳಗೆ ಏಳಬೇಕು ಅಂಕಿಗಳು.

ನಾಲ್ಕು ಎದ್ದಿತು.
ಒಂದು ಎದ್ದಿತು.
ಸೊನ್ನೆ, ತದಿಗೆಯ ಚಂದ್ರನಷ್ಟು.
ಕೊನೆಯದು ಏಳಲೊಲ್ಲದು.

"ಅಚ್ಚು ಬರ್ದೆ ರಿನೀವಲ್ ಆಗಕಿಲ್ಲ ಕಣಕ್ಕ,"
ಏಜೆಂಟ್ ಚಿಕ್ಕಲಿಂಗನ ಚಪ್ಪಲಿ ಹೇಳುತ್ತದೆ,
"ಗುಜರಿಗೆ ಹಾಕ್ಬುಡಿ, ಕಬ್ಣಕ್ಕೆ ಈಗ ರೇಟದೆ."

ಅವನ ಕೈಯಲ್ಲಿ ರಟ್ಟು ಕಳಚಿದ ಆರ್‌ಸಿ ಪುಸ್ತಕ.
ಈ ಜೀಪಿನ ಕುಲ ದೊಡ್ಡದು:
ಯಾರದೋ ಯುದ್ಧಕ್ಕೆ, ಯಾರದೋ ಕೆಸರಿಗೆಂದು
ಕಡಲಾಚೆ ಹುಟ್ಟಿದ ವಂಶ.
ಯುದ್ಧ ಮುಗಿದ ಮೇಲೆ ಬಿಡಿಬಿಡಿಯಾಗಿ ಹಡಗಿಳಿದು
ಮುಂಬೈಯಲ್ಲಿ ನಟ್ಟು ಬೋಲ್ಟು ಕೂಡಿಸಿಕೊಂಡು ನಿಂತದ್ದು.
ಮುಂದೆ ಏಳು ಸೀಳು, ಎರಡು ಗುಂಡು ಕಣ್ಣು,
ಮೂಗಿಗೆ ನತ್ತಿಲ್ಲ, ಬೆನ್ನಿಗೆ ಮೆತ್ತೆಯಿಲ್ಲ.
ಕಂಪನಿ ಹೆಸರು ನಮ್ಮೂರಲ್ಲಿ ಯಾರಿಗೂ ಬೇಡ.
ಎತ್ತಿಗೆ ಎತ್ತು ಅಂದ ಹಾಗೆ
ಜೀಪಿಗೆ ಜೀಪು.

ಮೊದಲ ಹಾಳೆ: ಮಿಲಿಟರಿ ಹರಾಜು, ಮಸುಕು ಸೀಲು.
ಎರಡನೆಯದು: ಕಬ್ಬಿನ ಇನ್ಸ್‌ಪೆಕ್ಟರ್ ಶೆಲ್ವಪಿಳ್ಳೆ ಅಯ್ಯಂಗಾರ್.
ನಾಮ ಅಳಿಸದ ಹಾಗೆ ಟೋಪಿಯನ್ನು ಓರೆಗಿಟ್ಟು
ಗದ್ದೆಯ ಬದು ಹತ್ತಿಸುತ್ತಿದ್ದರಂತೆ.
ಮೂರನೆಯದು: ಟೆಂಟ್ ಟಾಕೀಸಿನ ಗುರುಮಲ್ಲೇಶ.
ಎರಡು ಊರಿಗೆ ಒಂದೇ ಪಿಚ್ಚರ್ರು;
ಇಲ್ಲಿ ಮುಗಿದ ರೀಲು ಅಲ್ಲಿಗೆ ಮುಟ್ಟುವ ತನಕ
ಬಿಳಿ ಪರದೆ ನೋಡುತ್ತ ಕೂತ ಜನಕ್ಕೆ
ಹೀರೋಗಿಂತ ಮೊದಲು ಕೇಳಬೇಕಾಗಿದ್ದದ್ದು
ಇದರ ಸೈಲೆನ್ಸರಿನ ಕೆಮ್ಮು.

ನಾಲ್ಕನೆಯದು ಹೆಬ್ಬೆಟ್ಟು.
ನನ್ನತ್ತೆ ನಿಂಗಾಜಮ್ಮ.

ಬಸ್ಸಿನ ಮೇಲೆ ಹಾಕಿದ ಗೂಡು
ರಾಮನಗರ ಮುಟ್ಟುವಷ್ಟರಲ್ಲಿ ಬೆವರಿ, ಬೆಂದು,
ಎರಡು ಸಲ ಮಣ್ಣಿನ ಬೆಲೆಗೆ ಹೋದ ಮೇಲೆ
ಓಲೆ ಅಡವಿಟ್ಟು ತಂದಳು.
ಬಾಗಿಲಿಲ್ಲ, ಗಾಳಿಗೆ ಬಾಡಿಗೆಯಿಲ್ಲ ಅನ್ನುತ್ತಿದ್ದಳು.
ರಾತ್ರಿ ಎರಡಕ್ಕೆ ಮಳವಳ್ಳಿ ಸೀಮೆಯಿಂದ ಹೊರಟರೆ
ಹಿಂದೆ ಹಳದಿ ಗೂಡಿನ ಮೂಟೆ,
ಮುಂದೆ ಎಲೆಯಡಿಕೆ ಜಗಿಯುವ ಈ ಹೆಂಗಸು,
ನಡುವೆ ನಾನು, ಹೊಸ ಸೊಸೆ, ಸ್ಟೀರಿಂಗಿನಲ್ಲಿ.

ಕಲಿಸಿದವಳೂ ಅವಳೇ, ತನಗೆ ಓಡಿಸಲು ಬಾರದಿದ್ದರೂ.
"ಎರಡ್ನೇ ಗೇರು ಕಳ್ಳ, ಮೊಣಕಾಲಲ್ಲಿ ಅದುಮ್ಕೊ.
ಹಾರನ್ನಿಗೆ ಆ ಎರಡು ವೈರು ಮುತ್ತಿಕ್ಕಿಸು.
ಸಣ್ಣ ಲಿವರ್ರು ಎಳುದ್ರೆ ನಾಕು ಕಾಲೂ ದುಡೀತವೆ,
ಸುಮ್‌ಸುಮ್ನೆ ಎಳೀಬ್ಯಾಡ, ಅದುಕ್ಕೂ ಸುಸ್ತಾಯ್ತದೆ."

ಶಿಂಷೆ ಉಕ್ಕಿದ ವರ್ಷ ಹೊಳೆಯಲ್ಲಿ ಸಿಕ್ಕ ಬಸ್ಸನ್ನು
ಹಗ್ಗ ಕಟ್ಟಿ ಎಳೆದದ್ದು ಇದೇ.
ಮಾರನೇ ವಾರ, ಚೊಕ್ಕ ಒಣರಸ್ತೆಯಲ್ಲಿ,
ಒಂದು ನಾಯಿ ತಪ್ಪಿಸಲು ಹೋಗಿ ನಾಲೆಗೆ ಬಿದ್ದದ್ದೂ ಇದೇ.

ಮೂಳೆ ಮುರಿದರೆ ಪುತ್ತೂರು ಕಟ್ಟು,
ಷಾಸಿ ಮುರಿದರೆ ಗಂಜಾಮಿನ ಗೌಸಣ್ಣ.
ಕುಡುಕ ಪೆಟ್ರೋಲ್ ಎಂಜಿನ್ನು ಕಿತ್ತು ಡೀಸೆಲ್ ಕೂರಿಸಿದವನೂ ಅವನೇ.
ಬೆಸುಗೆಯ ಕಿಡಿಗೆ ಕಣ್ಣು ಕಿರಿದು ಮಾಡಿ
"ಇನ್ನು ಇದು ಸಾಯಲ್ಲಮ್ಮ, ನಾವೇ ಸಾಯಬೇಕು" ಅಂದ.
ಹಾಗೇ ಆಯಿತು, ಇಬ್ಬರದೂ.

ಆ ಕೊನೆಯ ಅಂಕಿ
ಅವನ ಬೆಸುಗೆಯ ಕೆಳಗೆ ಮಲಗಿದೆ.

ಚಿಕ್ಕಲಿಂಗ ಬಗ್ಗಿ ಪಿಸುಗುಡುತ್ತಾನೆ:
"ಪೆನ್ನಲ್ಲಿ ಬರ್ಕೊಳವಾ?"
ಪುಸ್ತಕ ಇಸಿದುಕೊಂಡು ನಾಲ್ಕನೆಯ ಹಾಳೆ ತೋರಿಸಿದೆ.
ಹಿಪ್ಪುನೇರಳೆ ಸೊಪ್ಪು ಕೊಯ್ದು ಕೊಯ್ದು
ಗೆರೆ ಸವೆದ ಹೆಬ್ಬೆಟ್ಟು,
ನೀಲಿ ಮಸಿಯ ಬರೀ ಒಂದು ಗುಂಡನೆ ಕಲೆ.
ಪಕ್ಕದಲ್ಲಿ ಅವತ್ತಿನ ಗುಮಾಸ್ತನ ಕೈಬರಹ:
"ನನ್ನ ಸಮಕ್ಷಮ".
ಯಾರಾದರೂ ಹಾಗೆ ನಿಂತು ನೋಡುವವರಿದ್ದರೆ ಹೇಳು,
ಮರಳುಕಾಗದ ತಂದು ನಾನೇ ಉಜ್ಜುತ್ತೇನೆ.

ಊಟದ ಹೊತ್ತು. ಸಾಹೇಬರು ಎದ್ದರು.
ಬ್ಯಾಟರಿ ಎಂದಿನಂತೆ ಮುನಿಸಿಕೊಂಡಿದೆ.
ಗುಜರಿ ಅಂದವನೇ ಫೈಲು ಕಂಕುಳಿಗೆ ಸಿಕ್ಕಿಸಿ
ಹಿಂದಿನಿಂದ ನೂಕಿದ; ಗೇಟಿನ ಇಳಿಜಾರಲ್ಲಿ
ಕೆಮ್ಮಿ, ಕುಲುಕಿ, ಹತ್ತಿಕೊಂಡಿತು.

ಮನೆಗೆ ಬಂದು ನೋಡುತ್ತೇನೆ,
ಹಿಂಬದಿಯ ಧೂಳಿನ ಮೇಲೆ ಅವನ ಎರಡು ಅಂಗೈ,
ಗೆರೆ ಸಮೇತ,
ಎಷ್ಟು ಸ್ಪಷ್ಟ.